ಎಕೋ ಮಹಾಶಯರ ಸಂದರ್ಶನ

ಪರರ ಹೃದಯವನ್ನು ಬಲ್ಲೆವೆಂದು ಹೇಳಿಕೊಳ್ಳುವವರು ಲೋಕದಲ್ಲಿ ಬಹು ಮಂದಿ. ಕವಿಗಳು, ಜ್ಯೋತಿಷಿಗಳು, ಚುನಾವಣೆಗೆ ನಿಂತವರು, ಮದುವೆಯ ದಲ್ಲಾಳಿಗಳು ಇವರೆಲ್ಲರೂ ಆ ಬಲ್ಮೆಯ ಮೇಲೆಯೇ ಜೀವಿಸುವರು. ಆದರೆ ಎದೆಗೂಡಿನೊಳಗೆ ಮಿಡಿಯುವ ಆ ಮಾಂಸಪಿಂಡವನ್ನು ಹಗಲಿರುಳೂ ಪ್ರತ್ಯಕ್ಷವಾಗಿ ಕಾಣುತ್ತಿದ್ದರೂ ಅದರ ವಿಷಯದಲ್ಲಿ ಒಂದು ಮಾತನ್ನೂ ಅತಿಶಯಿಸಿ ಆಡದೆ, ನಾಲ್ಕು ಗಾಲಿಗಳ ಮೇಲೆ ಹಾಸಿಗೆಯಿಂದ ಹಾಸಿಗೆಗೆ ಉರುಳುತ್ತ ಕಾಲಕ್ಷೇಪ ಮಾಡುವ ಎಕೋ ಯಂತ್ರವನ್ನು ಕಂಡು ಮಾತನಾಡಿಸಬೇಕೆಂದು ಯಾವ ಸಂಪಾದಕರಿಗೂ ಇದುವರೆಗೆ ತೋರಿರಲಿಲ್ಲ. ಆ ಕೊರತೆಯನ್ನು ನೀಗಲೆಂದು, ದೊಡ್ಡ ಆಸ್ಪತ್ರೆಯೊಂದರ ಐ.ಸಿ.ಯು.ವಿನ ಮೂಲೆಯಲ್ಲಿ ಚಾರ್ಜಿಗೆ ನಿಂತಿದ್ದ ಎಕೋ ಮಹಾಶಯರನ್ನು ಸಂಧಿಸಿ, ಅವರ ಬಿಡುವನ್ನು ಬೇಡಿ ಪಡೆದು, ನಡೆಸಿದ ಸಂವಾದವನ್ನು ಇಲ್ಲಿ ಕೊಟ್ಟಿದೆ.

ಪ್ರಶ್ನೆ: ಮೊದಲು ತಮ್ಮ ವಂಶಾವಳಿಯನ್ನು ತಿಳಿಸುವ ಕೃಪೆ ಮಾಡಬೇಕು.

ಎಕೋ: ವೈದ್ಯಕುಲದಲ್ಲಿ ಜನಿಸಿದೆನೆಂದು ಸುಳ್ಳಾಡಲಾರೆ. ಒತ್ತಿದರೆ ವಿದ್ಯುತ್ತನ್ನು ಹೊಮ್ಮಿಸುವ ಗುಣವು ಕೆಲವು ಹರಳುಗಳಿಗೆ ಉಂಟೆಂಬುದನ್ನು 1880ರಲ್ಲಿ ಪ್ಯಾರಿಸಿನ ಕ್ಯೂರಿ ಸಹೋದರರು ಕಂಡರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಲಾಂಜೆವಾನ್ ಎಂಬ ವಿಜ್ಞಾನಿ ಅದೇ ಗುಣವನ್ನು ಹಿಡಿದು ಸಮುದ್ರದಲ್ಲಿ ಅಡಗಿದ ಜಲಾಂತರ್ಗಾಮಿಗಳನ್ನು ಧ್ವನಿಯಿಂದ ಅರಸಹೊರಟನು. ತರುವಾಯ ನನ್ನ ಹಿರಿಯರು ಹಡಗು ಕಟ್ಟುವ ಕಾರ್ಖಾನೆಗಳಲ್ಲಿ ಲೋಹದ ಒಳಬಿರುಕುಗಳನ್ನು ಪತ್ತೆಮಾಡುವ ಕೂಲಿಗೆ ಸೇರಿದರು. ಸ್ವೀಡನ್ನಿನ ಲುಂಡ್ ಎಂಬ ಊರಿನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಕಾರ್ಲ್ ಹೆಲ್ಮುತ್ ಹರ್ಟ್ಸ್ ಅಂಥ ಯಂತ್ರವೊಂದನ್ನು ಎರವಲು ತಂದು 1953ರಲ್ಲಿ ಮನುಷ್ಯನ ಎದೆಯ ಮೇಲಿಟ್ಟರು; ಅಂದಿನಿಂದ ನಾವು ಆಸ್ಪತ್ರೆಯವರಾದೆವು. ಆ ಹರ್ಟ್ಸನ ತಂದೆಗೆ ದೊಡ್ಡಪ್ಪನಾಗಬೇಕಾದವನ ಹೆಸರೇ ಕಂಪನಗಳನ್ನೆಣಿಸುವ ಮಾನವಾಗಿರುವುದರಿಂದ ಕುಲೀನತೆಯ ಎಳೆಯೊಂದು ನಮಗೂ ಇದೆಯೆನ್ನಬಹುದು. ಬಿರುಕು ಹುಡುಕುವ ವೃತ್ತಿ ಮಾತ್ರ ಬದಲಾಗಲಿಲ್ಲ.

ಪ್ರಶ್ನೆ: ತಾವು ಹೃದಯವನ್ನು ನೋಡುವಿರೋ, ಕೇಳುವಿರೋ?

ಎಕೋ: ಕೂಗುತ್ತೇನೆ, ಮಾರ್ದನಿಗಾಗಿ ಕಾಯುತ್ತೇನೆ, ಬಂದ ಮಾರ್ದನಿಯಿಂದ ಚಿತ್ರ ಬರೆಯುತ್ತೇನೆ. ಸೆಕೆಂಡಿಗೆ 20,000 ಕಂಪನಗಳನ್ನು ದಾಟಿದರೆ ತಮ್ಮ ಕಿವಿಗೆ ನಿಲುಕದು. ನನ್ನ ಕೂಗು ಸಾಮಾನ್ಯವಾಗಿ 20ರಿಂದ 50 ಲಕ್ಷ ಕಂಪನಗಳದು, ಮೈಯ ಮೃದು ಭಾಗಗಳಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಸಾಗುವುದು. ಗಾಳಿಯೇ ನನ್ನ ಪರಮಶತ್ರು. ಅದು ಎದುರಾದರೆ ಕೂಗೆಲ್ಲ ಹಿಂದಕ್ಕೆ ಪುಟಿದುಬಿಡುತ್ತದೆ. ತಣ್ಣನೆಯ ಜೆಲ್ಲನ್ನು ರೋಗಿಯ ಎದೆಗೆ ಬಳಿಯುವುದು ಈ ಶತ್ರುವನ್ನು ಹೊರದೂಡಲು. ಹೊರರೋಗಿಗಳಾದರೆ ಎಡಮಗ್ಗುಲಿಗೆ ಹೊರಳಿರೆಂದು ಹೇಳಬಹುದು, ಉಸಿರು ಬಿಗಿಹಿಡಿಯಿರೆಂದು ಬೇಡಬಹುದು; ಆದರೆ ಐ.ಸಿ.ಯು.ವಿನಲ್ಲಿ ಮಲಗಿದವರಲ್ಲಿ ಅನೇಕರಿಗೆ ಎಚ್ಚರವೇ ಇರದು, ವೆಂಟಿಲೇಟರು ಶ್ವಾಸಕೋಶವನ್ನು ಉಬ್ಬಿಸಿ ಹೃದಯವನ್ನು ಮರೆಮಾಡಿರುತ್ತದೆ, ಉಳಿದ ಜಾಗದಲ್ಲಿ ಗಾಯದ ಪಟ್ಟಿಯೋ ಕೊಳವೆಯೋ ಇರುತ್ತದೆ. ಆಗ ಎದೆಮೂಳೆಯ ಕೆಳಗಿನಿಂದ, ಯಕೃತ್ತಿನ ಮೂಲಕ ಹಣಿಕಿ ನೋಡುವುದೇ ಹಲವು ಸಲ ಗತಿ.

ಪ್ರಶ್ನೆ: ಹೊರಗೆ ಬೆಂಚಿನ ಮೇಲೆ ಕುಳಿತ ಬಂಧುವರ್ಗವು ವೈದ್ಯರನ್ನು ಕಂಡೊಡನೆ “ಪಂಪಿಂಗ್ ಎಷ್ಟಿದೆ ಡಾಕ್ಟ್ರೇ?” ಎಂದು ಕೇಳುವುದನ್ನು ಬಲ್ಲಿರಷ್ಟೆ?

ಎಕೋ: ಅದನ್ನು ಕೇಳಿ ಕೇಳಿ ನನ್ನ ಕೇಬಲ್ಲು ಸವೆದಿದೆ. ವೈದ್ಯರು ಎಜೆಕ್ಷನ್ ಫ್ರಾಕ್ಷನ್ ಎನ್ನುವ, ತಾವು ಪಂಪಿಂಗ್ ಎನ್ನುವ ಆ ಸಂಖ್ಯೆಯ ಅರ್ಥವಿಷ್ಟೆ: ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲು ಒಂದು ಮಿಡಿತಕ್ಕೆ ಹೊರಬಿತ್ತು ಎಂಬುದು. 120 ಮಿಲಿಲೀಟರ್ ತುಂಬಿ 70 ಹೊರಬಿದ್ದರೆ ಶೇಕಡಾ 58. ಆರೋಗ್ಯವಂತನ ಹೃದಯವೂ ಇಷ್ಟರಲ್ಲಿಯೇ ತೃಪ್ತಿಪಡುತ್ತದೆ. ಆದರೆ ಅಂಕಪಟ್ಟಿಯ ದೇಶದಲ್ಲಿ ಶೇಕಡಾವಾರೆಂದರೆ ಪರೀಕ್ಷೆಯ ಫಲಿತಾಂಶವೆಂದೇ ಎಲ್ಲರ ನಂಬಿಕೆ. ಮಗನು ಹೊರದೇಶದಲ್ಲಿರುವ ತಂಗಿಗೆ ಫೋನು ಮಾಡಿ, “ಅಪ್ಪಂದು ಫಿಫ್ಟಿ ಫೈವ್ ಅಂತೆ ಕಣೇ, ಫಸ್ಟ್ ಕ್ಲಾಸ್ ಬರಲಿಲ್ಲ” ಎಂದು ಮರುಗುತ್ತಾನೆ. ನೂರಕ್ಕೆ ನೂರು ಪಡೆಯುವ ಹೃದಯ ಈ ಸೃಷ್ಟಿಯಲ್ಲಿಲ್ಲವೆಂದು ಅವನಿಗೆ ಯಾರು ಹೇಳಬೇಕು?

ಪ್ರಶ್ನೆ: ಆದರೂ ಹೆಚ್ಚು ಸಂಖ್ಯೆ ಕ್ಷೇಮವೇ ಅಲ್ಲವೆ?

ಎಕೋ: ಲೆಕ್ಕ ಹಾಕಿ ನೋಡಿ. ರಕ್ತಸ್ರಾವದಿಂದ ಬರಿದಾದವನ ಹೃದಯದಲ್ಲಿ 60 ಮಿಲಿಲೀಟರ್ ಮಾತ್ರ ತುಂಬಿ 45 ಹೊರಬಿದ್ದರೆ ಶೇಕಡಾ 75, ಡಿಸ್ಟಿಂಕ್ಷನ್ನು. ಹಿಗ್ಗಿ ಸೋತ ಹೃದಯದಲ್ಲಿ 200 ತುಂಬಿ 70 ಹೊರಬಿದ್ದರೆ ಶೇಕಡಾ 35, ನಪಾಸು. ಆದರೆ ಪ್ರತಿ ಮಿಡಿತಕ್ಕೆ ಹೆಚ್ಚು ರಕ್ತವನ್ನು ಕಳುಹಿಸಿದವನು ನಪಾಸಾದವನೇ. ಎಡ ಹೃತ್ಕುಕ್ಷಿಯ ಒಳಬಾಗಿಲಾದ ಮೈಟ್ರಲ್ ಕವಾಟವು ಸೋರುತ್ತಿದ್ದರಂತೂ ಅರ್ಧ ರಕ್ತ ಹಿಂದಕ್ಕೆ ಹೋದರೂ ಅಂಕ ಮಾತ್ರ ಏರುತ್ತದೆ. ರಕ್ತಕ್ಕೆ ನಂಜೇರಿ ಶಾಕಿನಲ್ಲಿ, ಎಂದರೆ ರಕ್ತದೊತ್ತಡ ಕುಸಿದು, ಮಲಗಿದವರಲ್ಲಿ ರಕ್ತನಾಳಗಳು ಸಡಿಲಗೊಂಡು ಹೃದಯಕ್ಕೆ ಎದುರೊತ್ತಡವೇ ಇಲ್ಲದಿರುವುದರಿಂದ, ದುರ್ಬಲ ಸ್ನಾಯುವೂ ಶೂರನಂತೆ ತೋರುತ್ತದೆ. ನಾರ್‌ಅಡ್ರಿನಲಿನ್ ಹರಿಸಿ ನಾಳಗಳನ್ನು ಬಿಗಿಗೊಳಿಸಿದ ಮೇಲೆ ಆ ಶೌರ್ಯದ ನಿಜಸ್ಥಿತಿ ಹೊರಬೀಳುತ್ತದೆ. 1984ರಲ್ಲಿ ಅಮೆರಿಕದ ಮಾರ್ಗರೆಟ್ ಪಾರ್ಕರ್ ಮತ್ತು ಅವರ ಸಂಗಡಿಗರು ಇಂಥ 20 ರೋಗಿಗಳನ್ನು, ನನ್ನಿಂದಲ್ಲ, ವಿಕಿರಣ ವಸ್ತುವಿನ ನೆರವಿನಿಂದ ಅಳೆದಾಗ, ಬದುಕುಳಿದವರ ಮೊದಲ ಸರಾಸರಿ ಶೇಕಡಾ 32, ತೀರಿಕೊಂಡವರದು 55! ಬದುಕಿದವರ ಹೃದಯಗಳು 7ರಿಂದ 10 ದಿನಗಳಲ್ಲಿ ಮೊದಲಿನಂತಾದವು. ಚಿಕ್ಕ ಅಧ್ಯಯನವದು, ಮುಂದೆ ಬಂದವರೆಲ್ಲ ಅದೇ ಫಲವನ್ನು ಕಾಣಲಿಲ್ಲ. ಆದರೆ ಅಂಕಪಟ್ಟಿಯ ಭಕ್ತರು ಒಮ್ಮೆ ಓದಿ ನಿದ್ರೆಗೆಡಬೇಕಾದದ್ದು.

ಪ್ರಶ್ನೆ: ಹಾಗಾದರೆ ತಮ್ಮನ್ನು ಏನು ಕೇಳಬೇಕು?

ಎಕೋ: ‘ಈ ಹೃದಯ ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳಬಾರದು, ‘ಈ ಶಾಕಿಗೆ ಕಾರಣವೇನು, ಈಗ ಏನು ಮಾಡಬೇಕು’ ಎಂದು ಕೇಳಬೇಕು. ಹೃದಯದ ಸುತ್ತ ನೀರು ತುಂಬಿ ಒತ್ತುತ್ತಿದ್ದರೆ ಸೂಜಿಯಿಂದ ಅದನ್ನು ಹೊರತೆಗೆಯುವುದೇ ಔಷಧ. ಔಷಧದ ಬಾಟಲಿಗಳನ್ನು ಎಷ್ಟು ನೇತುಹಾಕಿದರೂ ಮೂಲ ತೊಲಗದು. ಬಲ ಹೃತ್ಕುಕ್ಷಿ ಹಿಗ್ಗಿ ಎಡದ್ದನ್ನು ಅದುಮುತ್ತಿದ್ದರೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಕುಳಿತಿರಬಹುದೆಂದು ಸಂಶಯಿಸಬೇಕು. ಇನ್ನು ಡ್ರಿಪ್ಪು ಏರಿಸಬೇಕೋ ಬೇಡವೋ ಎಂಬ ಸನಾತನ ವಿವಾದವಿದ್ದರೆ, ಮಹಾಪಧಮನಿಯ ಬಾಗಿಲಲ್ಲಿ ಪ್ರತಿ ಮಿಡಿತಕ್ಕೆ ರಕ್ತವು ಎಷ್ಟು ದೂರ ಚಿಮ್ಮುವುದೆಂದು, ರಕ್ತದ ವೇಗವನ್ನು ತಿಳಿಸುವ ನನ್ನ ಡಾಪ್ಲರಿನಿಂದ ಅಳೆಯಿರಿ. ಅದು ಸಾಮಾನ್ಯವಾಗಿ 18ರಿಂದ 22 ಸೆಂಟಿಮೀಟರ್. ಬಳಿಕ ತಲೆಯನ್ನಿಳಿಸಿ ಕಾಲುಗಳನ್ನೆತ್ತಿ ಒಂದು ನಿಮಿಷ ಕಾದು ಮತ್ತೆ ಅಳೆಯಿರಿ. ಕಾಲಿನ ರಕ್ತವೇ ಎದೆಗೆ ಹರಿದು ಆ ದೂರವು ಶೇಕಡಾ 10ರಿಂದ 12ಕ್ಕಿಂತ ಅಧಿಕವಾಗಿ ಏರಿದರೆ ಹೃದಯವು ಇನ್ನಷ್ಟು ದ್ರವಕ್ಕೆ ಓಗೊಡುವುದೆಂದರ್ಥ. ಏರದಿದ್ದರೆ ಸುರಿದದ್ದೆಲ್ಲ ಶ್ವಾಸಕೋಶವನ್ನು ನೆನೆಸಲು ಮಾತ್ರ. ಕಾಲನ್ನಿಳಿಸಿದರೆ ಪ್ರಯೋಗವೂ ರದ್ದಾಗುತ್ತದೆ. ಒಂದು ಹನಿಯೂ ವ್ಯಯವಾಗಿರುವುದಿಲ್ಲ.

ಪ್ರಶ್ನೆ: ಕಿರಿಯ ವೈದ್ಯರು ಹೊಟ್ಟೆಯ ದೊಡ್ಡ ಅಭಿಧಮನಿಯನ್ನೇ ಬಹುವಾಗಿ ನೋಡುವರೆಂದು ಕೇಳಿದ್ದೇನೆ.

ಎಕೋ: ಪಾಪ, ಸುಲಭವಾಗಿ ಕಾಣಸಿಗುವುದರ ಮೇಲೆ ಯೌವನಕ್ಕೆ ಮೋಹ ಸಹಜ. ತಾನಾಗಿ ಉಸಿರಾಡುವವರಲ್ಲಿ ಆ ನಾಳವು 2.1 ಸೆಂಟಿಮೀಟರಿಗಿಂತ ಕಿರಿದಾಗಿದ್ದು, ಉಸಿರೆಳೆದಾಗ ಅರ್ಧಕ್ಕಿಂತ ಹೆಚ್ಚು ಕುಗ್ಗಿದರೆ ಬಲ ಹೃತ್ಕರ್ಣದ ಒತ್ತಡ ಕಡಿಮೆಯೆನ್ನುವುದು ಶಿಷ್ಟ ನಿಯಮ. ವೆಂಟಿಲೇಟರು ಗಾಳಿಯನ್ನು ಒಳಕ್ಕೆ ನೂಕುತ್ತಿರುವಾಗ ಆ ನಿಯಮವನ್ನು ಹಾಗೆಯೇ ಅನ್ವಯಿಸಲಾಗದು. ನಿಯಮದ ಷರತ್ತನ್ನು ಮರೆತು ಸಂಖ್ಯೆಯನ್ನು ಮಾತ್ರ ನೆನಪಿಟ್ಟುಕೊಳ್ಳುವುದು ಕಿರಿಯರ ರೋಗವೆಂದು ತಿಳಿದಿದ್ದೆ. ಹಿರಿಯರಲ್ಲಿಯೂ ಕಂಡು ಸಮಾಧಾನಗೊಂಡಿದ್ದೇನೆ.

ಪ್ರಶ್ನೆ: ತಾವು ಕಾಣಿಸುವ ಚಿತ್ರವೊಂದೇ ಆದರೂ ವರದಿಗಳು ಬೇರೆಬೇರೆಯಾಗುವುದೇಕೆ?

ಎಕೋ: ಹಿಡಿದ ಕೈ ಬೇರೆ, ನೋಡಿದ ಕಣ್ಣು ಬೇರೆ, ಅಳೆದ ವೇಳೆಯೂ ಬೇರೆ. ಮುಂಜಾನೆ ಔಷಧ ಅರ್ಧ ಹರಿಯುತ್ತಿದ್ದಾಗ ಕಂಡ ಹೃದಯ ಸಂಜೆ ಪೂರ್ತಿ ಹರಿಯುವಾಗಿನದಲ್ಲ. ಆದರೂ ‘ಗುಡ್ ಎಲ್‌ವಿ ಫಂಕ್ಷನ್’, ಎಂದರೆ ಎಡ ಹೃತ್ಕುಕ್ಷಿಯ ಕೆಲಸ ಚೆನ್ನಾಗಿದೆ, ಎಂಬ ಮುದ್ರಿತ ವರದಿಯು ವೇಳೆಯನ್ನಾಗಲಿ, ರಕ್ತದೊತ್ತಡವನ್ನಾಗಲಿ, ಔಷಧದ ಪ್ರಮಾಣವನ್ನಾಗಲಿ ನಮೂದಿಸದೆ, ಸಾರ್ವಕಾಲಿಕ ಸತ್ಯದ ಗಾಂಭೀರ್ಯದಿಂದ ಮರುದಿನ ಕಡತವನ್ನು ಸೇರುತ್ತದೆ. ನನ್ನದು ಪ್ರಮಾಣಪತ್ರವಲ್ಲ, ಆ ಗಳಿಗೆಯ ಸಾಕ್ಷ್ಯ. ಸಾಕ್ಷಿಯನ್ನು ಮತ್ತೆ ಮತ್ತೆ ಕಟಕಟೆಗೆ ಕರೆಯಬೇಕು.

ಪ್ರಶ್ನೆ: ಸರ್ಕಾರವು ತಮ್ಮ ಮೇಲೆ ಕಣ್ಣಿಟ್ಟಿದೆಯಂತೆ?

ಎಕೋ: ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯಿದೆಯ ಮೇರೆಗೆ, ಧ್ವನಿಯಿಂದ ಮೈಯೊಳಗನ್ನು ಕಾಣುವ ನನ್ನ ಕುಲದವರೆಲ್ಲ ನೋಂದಣಿಯಾಗಬೇಕು, ಮನಬಂದಂತೆ ಊರು ಸುತ್ತಬಾರದು. ಹೃದಯ ನೋಡಲು ಹುಟ್ಟಿದವನಿಗೆ ಗರ್ಭದ ಕಾನೂನೇಕೆಂದು ಮೊದಲು ಮುನಿದೆ. ಆಮೇಲೆ ತಿಳಿಯಿತು, ಕಾನೂನು ಬಂದದ್ದು ನನ್ನ ದೋಷಕ್ಕಲ್ಲ, ಮಗಳು ಬೇಡವೆಂದ ಹೃದಯಗಳ ದೋಷಕ್ಕೆ. ಅಂಥ ಹೃದಯವನ್ನು ಎಷ್ಟು ಸಲ ನೋಡಿದರೂ ನನ್ನ ತೆರೆಯ ಮೇಲೆ ಅದು ನಾರ್ಮಲ್ಲಾಗಿಯೇ ಕಾಣುತ್ತದೆ.

ಪ್ರಶ್ನೆ: ವಾಚಕರಿಗೆ ತಮ್ಮ ಸಂದೇಶ?

ಎಕೋ: “ಪಂಪಿಂಗ್ ಎಷ್ಟು?” ಎಂದು ಧಾರಾಳವಾಗಿ ಕೇಳಲಿ, ನನ್ನದೇನೂ ಅಡ್ಡಿಯಿಲ್ಲ. ಅದರ ಬೆನ್ನಿಗೆ ಇನ್ನೊಂದನ್ನೂ ಕೇಳಲಿ: “ಎಕೋ ನೋಡಿದ ಮೇಲೆ ಚಿಕಿತ್ಸೆಯಲ್ಲಿ ಏನನ್ನು ಬದಲಾಯಿಸಿದಿರಿ, ಅಥವಾ ಏನನ್ನು ಬದಲಾಯಿಸಬೇಕಾಗಿಲ್ಲವೆಂದು ತಿಳಿದಿರಿ?” ಎಂದು. ಈ ಇನ್ನೊಂದು ಪ್ರಶ್ನೆಗೆ ಉತ್ತರವಿಲ್ಲವಾದರೆ, ನಾನು ಹಾಸಿಗೆಯ ಬಳಿಗೆ ಬಂದು ಹೋದದ್ದು ಬಿಲ್ಲಿನ ಪ್ರಯೋಜನಕ್ಕೆ ಮಾತ್ರವೆಂದು ಅವರು ನಿಸ್ಸಂಕೋಚವಾಗಿ ತಿಳಿಯಬಹುದು.