ಬಿಸಿಲಿಲ್ಲದಿದ್ದರೆ ಸಕ್ಕರೆ

ಮಲೆನಾಡಿನಲ್ಲಿ ಹಣ್ಣು ರಾಶಿ ಬೀಳುವುದೂ ಮುಂಗಾರು ಹಿಡಿಯುವುದೂ ಒಟ್ಟೊಟ್ಟಿಗೇ. ಆಚೆಮನೆ ಅಕ್ಕನ ತಮ್ಮ ಬನವಾಸಿಯಿಂದ ಒಂದು ಚೀಲ ಅನಾನಸು ತಂದಿಳಿಸಿದ್ದಾನೆ.

“ಎಷ್ಟಂತ ಗೊಜ್ಜು ಮಾಡೋದು ಮಾರಾಯ್ತಿ? ಒಣಗಿಸೋಣ ಅಂದ್ರೆ ಬಟ್ಟೆಯೇ ಒಣಗ್ತಿಲ್ಲ” ಅಂದರು ಬೇಲಿಯಾಚೆಯಿಂದ.

“ಅರ್ಧ ಒಣಗಿಸೋಕೆ ಬಿಸಿಲೇ ಬೇಡ ಅಕ್ಕಾ, ಸಕ್ಕರೆ ಡಬ್ಬಿ ತೆಗೀರಿ.”

“ಜಾಮಾ? ಬೇಡಪ್ಪ, ಹೋದ ವರ್ಷದ್ದೇ ಇದೆ.”

“ಜಾಮಲ್ಲ, ಒಣಹಣ್ಣು. ಅಪ್ಪೆಮಿಡಿಗೆ ಬರೀ ಉಪ್ಪು ಹಾಕಿಡ್ತೀರಿ, ಭರಣಿ ತುಂಬ ನೀರು ನಿಲ್ಲುತ್ತೆ, ಮಿಡಿ ಚಿರುಟುತ್ತೆ. ಆ ನೀರು ಯಾರು ಹೊಯ್ದಿದ್ದು?”

“ಮಿಡಿಯೇ ಬಿಟ್ಟಿದ್ದಲ್ವಾ.”

“ಸಕ್ಕರೆಯದ್ದೂ ಅದೇ ಕಸುಬು.”

ಅನಾನಸಿನಲ್ಲಿ ನೂರಕ್ಕೆ ಎಂಬತ್ತೈದು ಪಾಲು ನೀರೇ. ಹೋಳನ್ನು ಗಟ್ಟಿ ಪಾಕಕ್ಕೆ ಹಾಕಿದರೆ ಆ ನೀರು ಜೀವಕೋಶದ ಪೊರೆ ದಾಟಿ ಪಾಕಕ್ಕೆ ಬರುತ್ತದೆ. ಸಕ್ಕರೆಯೂ ಹಣ್ಣಿನೊಳಗೆ ಹೋಗುತ್ತದೆ, ಆದರೆ ನೀರು ಬಂದಷ್ಟು ಬೇಗ ಅದು ಹೋಗಲಾರದು. ರಾತ್ರಿಯಿಡೀ ನೆನೆದರೆ ತೂಕ ಮೂರನೇ ಒಂದು ಪಾಲು, ಕೆಲವೊಮ್ಮೆ ಅರ್ಧದ ಹತ್ತಿರ ಇಳಿಯುತ್ತದೆ. ಉಳಿದ ಪಸೆಯನ್ನಷ್ಟೇ ಡ್ರೈಯರಿನಲ್ಲಿ 60 ಡಿಗ್ರಿ ಬಿಸಿಯಲ್ಲಿ ಕಳೆದರಾಯಿತು.

“ಪಾಕ ಎಷ್ಟೆಳೆ?” ಅಕ್ಕನ ಪ್ರಶ್ನೆ ಅಡುಗೆಮನೆಗೇ ಬಂತು.

“ಎಳೆ ಬೇಡ. 600 ಗ್ರಾಂ ಸಕ್ಕರೆ, 400 ಮಿಲಿ ನೀರು, ಕರಗಿಸಿ ಒಂದಿಷ್ಟು ಲಿಂಬೆರಸ. ಉಗುರುಬೆಚ್ಚಗಿದ್ದಾಗ ಹೋಳು ಹಾಕಿ. ಮೊದಮೊದಲು ತೇಲ್ತವೆ, ತಟ್ಟೆ ಮುಚ್ಚಿ ಮೇಲೊಂದು ಭಾರ ಇಡಿ. ಬೆಳಿಗ್ಗೆ ತೆಗೆದು ಅಂಟು ಹೋಗುವಷ್ಟು ನೀರಿಗೆ ಅದ್ದಿ ಒರೆಸಿ.”

“ನೆಲ್ಲಿಕಾಯಿಗೂ ಹೀಗೇನಾ?”

“ಅದರ ಹತ್ರ ಅವಸರ ನಡೆಯಲ್ಲ. ಒಮ್ಮೆಗೇ ಗಟ್ಟಿ ಪಾಕಕ್ಕೆ ಹಾಕಿದ್ರೆ ಸುಕ್ಕುಗಟ್ಟಿ ಕಲ್ಲಾಗುತ್ತೆ. ಬೇಯಿಸಿ ಎಸಳು ಬಿಡಿಸಿ, ಮೊದಲು ಅರ್ಧಕ್ಕರ್ಧ ಸಕ್ಕರೆಯ ಪಾಕ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗ್ಬೇಕು. ಕ್ಯಾರೆಟ್ಟಿನಂಥ ತರಕಾರಿಗಾದ್ರೆ ಸಕ್ಕರೆ ಜೊತೆ ಉಪ್ಪೂ ಸೇರಿಸ್ತಾರೆ.”

ಬಾಳೆಹಣ್ಣು, ಸೇಬು ಪಾಕದಲ್ಲಿ ಮುಳುಗಿರುವಷ್ಟು ಹೊತ್ತು ಗಾಳಿ ತಾಗದೆ ಕಪ್ಪಾಗುವುದಿಲ್ಲ. ಆದರೆ ಹಣ್ಣಿನ ಹುಳಿ, ವಿಟಮಿನ್ ಸಿ ಸ್ವಲ್ಪ ಪಾಕಕ್ಕೆ ಸೋರಿಹೋಗುತ್ತದೆ. ಹುಳಿ ಹೋಗಿ ಸಕ್ಕರೆ ಬಂದ ಮೇಲೆ ಸಿಹಿ ಕೇಳಬೇಕೆ? ಭಾವನವರಿಗೆ ಶುಗರು; ಅವರ ಕಣ್ಣಿಗೆ ಡಬ್ಬಿ ಬೀಳದಂತೆ ಇಡಿ ಎಂದೆ.

“ಅವರು ಮೂಸಿಯೇ ಹುಡುಕ್ತಾರೆ ಬಿಡು. ಅಲ್ಲ, ಅಷ್ಟೊಂದು ಪಾಕ ಚೆಲ್ಲೋದಾ?”

ಚೆಲ್ಲುವುದುಂಟೇ! ಹಣ್ಣಿನ ನೀರು ಕುಡಿದು ಅದು ತೆಳ್ಳಗಾಗಿರುತ್ತದೆ. ಕಾಯಿಸಿ ಬತ್ತಿಸಿದರೆ ಇನ್ನೊಂದು ಸಲಕ್ಕೆ ಆಗುತ್ತದೆ. ಇಲ್ಲವೇ ಅನಾನಸಿನ ಪರಿಮಳವೆಲ್ಲ ಇಳಿದ ಆ ಪಾಕದಲ್ಲೇ ಕೇಸರಿಬಾತು ತೊಳಸಬಹುದು.

“ಹಾಗಾದ್ರೆ ಸಕ್ಕರೆ ನೀನೇ ಕೊಡು” ಅಂದರು ಅಕ್ಕ. “ಒಣಗಿದ ಹಣ್ಣಲ್ಲಿ ಅರ್ಧ ನಿಂಗೆ.”

“ಹಣ್ಣು ನೀವೇ ಇಟ್ಕೊಳ್ಳಿ ಅಕ್ಕಾ. ನಂಗೆ ಪಾಕ ಸಾಕು.”