ಜೇನುಗಳ ನುಡಿಭೇದ ಲಕ್ಷಣ

ಸಕಲ ಜೀವಿಗಳನ್ನೂ ದಾರಿ ಹೇಳಲು ಬರುವವು, ಬಾರದವು ಎಂದು ಎರಡು ಪಂಗಡ ಮಾಡತಕ್ಕದ್ದು. ಎರಡನೆಯದರಲ್ಲಿ ಮನುಷ್ಯ ಪ್ರಧಾನ. "ಇಲ್ಲೇ, ಸ್ವಲ್ಪ ಮುಂದೆ" ಎಂಬ ಅವನ ಮಾನದಲ್ಲಿ ಒಂದು ಫರ್ಲಾಂಗೂ ಅಡಗುತ್ತದೆ, ಪಕ್ಕದ ತಾಲ್ಲೂಕೂ ಅಡಗುತ್ತದೆ. ಅವನನ್ನು ಬಿಟ್ಟು ಜೇನಿಗೆ ಬರೋಣ. ನಮ್ಮ ಸೀಮೆಯ ಜೇನುಗಳನ್ನು ಜನ ತುಪ್ಪದ ರುಚಿ ನೋಡಿ ವಿಂಗಡಿಸುತ್ತಾರೆ. ಈ ಶಾಸ್ತ್ರ ಮಾತಿನ ಧಾಟಿ ನೋಡಿ ವಿಂಗಡಿಸುತ್ತದೆ.

ಕೋಲುಜೇನಿನದು ನೇರನುಡಿಯ ಪಂಥ. ಕಡ್ಡಿಗೆ ಕಟ್ಟಿದ ಪುಟ್ಟ ಎರಿಯ ನೆತ್ತಿಯ ಮೇಲೆ, ಸಮತಟ್ಟಿನಲ್ಲಿ, ಹೂವಿರುವ ದಿಕ್ಕಿಗೇ ಮುಖ ಮಾಡಿ ಕುಣಿಯುತ್ತದೆ. ಭಾಷ್ಯ ಬೇಡ.

ತುಡುವೆಯದು ಸೂತ್ರಪಂಥ. ಪೊಟರೆಯ ಕತ್ತಲು, ಎರಿಯೋ ನೆಟ್ಟಗೆ ಇಳಿಬಿದ್ದದ್ದು, ಸೂರ್ಯನನ್ನು ತೋರಿಸುವುದೆಲ್ಲಿ? ಆದ್ದರಿಂದ "ಮೇಲೆ ಎಂದರೆ ಸೂರ್ಯ" ಎಂಬ ಸೂತ್ರ. ಹುಳು ಹೊಟ್ಟೆ ಅಲ್ಲಾಡಿಸುತ್ತಾ ಒಂದು ಗೆರೆ ಓಡಿ, ಎಡಕ್ಕೆ ಸುತ್ತಿ ಬಂದು, ಮತ್ತೆ ಅದೇ ಗೆರೆ ಓಡಿ, ಬಲಕ್ಕೆ ಸುತ್ತುತ್ತದೆ. ಗೆರೆ ಮೇಲ್ಮುಖದಿಂದ 40 ಡಿಗ್ರಿ ಬಲಕ್ಕೆ ವಾಲಿದರೆ ಹೂವು ಸೂರ್ಯನಿಂದ ಅಷ್ಟೇ ಬಲಕ್ಕೆ. ಅಲ್ಲಾಡಿಕೆ ದೀರ್ಘವಾದಷ್ಟೂ ದೂರ ಹೆಚ್ಚು. ಕೇಳುಗರು ಮೀಸೆ ತಾಗಿಸಿಕೊಂಡು ಹಿಂದೆಯೇ ಸುತ್ತುತ್ತಾರೆ. ನಡುನಡುವೆ ಮಕರಂದದ ಸ್ಯಾಂಪಲ್ ಕೂಡ ಸಿಗುತ್ತದೆ. ತುಡುವೆಯ ದಾಯಾದಿ ಯುರೋಪಿನ ಜೇನಿನಲ್ಲಿ ಈ ಸೂತ್ರ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು, ಅದೂ ವೈದ್ಯಶಾಸ್ತ್ರದ ಖಾತೆಯಲ್ಲಿ. ವರ್ಗೀಕರಣದ ಸಂಕಟ ಸ್ವೀಡನ್ನಿನವರಿಗೂ ಇದೆ!

ಹೆಜ್ಜೇನು ಉಭಯಪಂಥಿ. ಸೂತ್ರ ತುಡುವೆಯದೇ, ವೇದಿಕೆ ಮಾತ್ರ ಬಯಲು: ಎತ್ತರದ ಕೊಂಬೆ, ಬಂಡೆಯ ಅಂಚು, ಅಪಾರ್ಟ್‌ಮೆಂಟಿನ ಬಾಲ್ಕನಿ. ಬೆಳದಿಂಗಳಲ್ಲೂ ಮೇವಿಗೆ ಹೋಗುವ ಇದು ರಾತ್ರಿಯೂ ಕುಣಿಯುತ್ತದೆ. ಆಗಲೂ ಲೆಕ್ಕ ಹಿಡಿಯುವುದು ಚಂದ್ರನಿಂದಲ್ಲ, ನೆಲದಡಿ ಮುಳುಗಿರುವ ಸೂರ್ಯನಿಂದ. ಇಂಥ ಹಟವನ್ನು ನಮ್ಮ ಪಂಚಾಂಗಕರ್ತರೇ ಮೆಚ್ಚಬೇಕು. ಶತ್ರುವಿನ ಜೊತೆ ಮಾತಾಡುವ ಉಪಭಾಷೆಯೂ ಇದಕ್ಕುಂಟು. ಕಣಜ ಹತ್ತಿರ ಸುಳಿದರೆ ನೂರಾರು ಹುಳುಗಳು ಒಂದರ ಹಿಂದೊಂದು ಹೊಟ್ಟೆ ಮೇಲೆತ್ತುತ್ತವೆ, ಕ್ಷಣಾರ್ಧದಲ್ಲಿ ಎರಿಯ ಮೇಲೆ ಅಲೆ ಹಾದುಹೋಗುತ್ತದೆ. ಕಣಜಕ್ಕೆ ಅರ್ಥವಾಗುತ್ತದೆ.

ಗೋಡೆಬಿರುಕಿನ ಮುಜಂಟಿಯದು ಗದ್ದಲಪಂಥ. ಕುಣಿತವಿಲ್ಲ. ಅಡ್ಡಾದಿಡ್ಡಿ ಓಡಿ, ಗುಂಯ್‌ಗುಟ್ಟಿ, ಸಿಕ್ಕವರಿಗೆ ಡಿಕ್ಕಿ ಹೊಡೆಯುವುದು: ಎಲ್ಲೋ ಏನೋ ಇದೆ, ಹೊರಡಿ.

ಇನ್ನು ಆಕ್ಷೇಪಕರು. ಅದೇ ಹೂವಿನಲ್ಲಿ ಪೆಟ್ಟು ತಿಂದು ಬಂದ ಯುರೋಪಿನ ಜೇನು, ಆ ಹೂವಿನ ಗುಣಗಾನ ಮಾಡುತ್ತಾ ಕುಣಿಯುತ್ತಿರುವವಳಿಗೆ ತಲೆಯಿಂದ ಗುದ್ದಿ ಚಿಕ್ಕದಾಗಿ "ಬೀಪ್" ಎನ್ನುತ್ತದೆ. ಹೀಗೆ ಗುದ್ದಿಸಿಕೊಂಡವಳು ಕುಣಿತವನ್ನು ಬೇಗ ಮುಗಿಸುತ್ತಾಳೆ. ಪ್ರತಿವಾದ ಹೂಡುವ ಪದ್ಧತಿ ಆ ಸಭೆಯಲ್ಲಿಲ್ಲ.