ಮೂರು ಗಂಟೆಯ ಮಹಾವಿದ್ಯಾಲಯ

ಬೆಂಗಳೂರಿನಲ್ಲಿ ಮಗಳಿಗೆ ಗಂಡು ಹುಡುಕುವುದಾದರೂ ಸುಲಭ, ಎರಡೂವರೆ ವರ್ಷದ ಮೊಮ್ಮಗನಿಗೆ ಪ್ಲೇ ಹೋಂ ಹುಡುಕುವುದು ಕಷ್ಟ. ಬೀಗರು ಜಾತಕ ಕೇಳಿ ಸುಮ್ಮನಾಗುತ್ತಾರೆ. ಪ್ಲೇ ಹೋಂನವರಿಗೆ ಅಪ್ಪನ ಸಂಬಳ, ಅಮ್ಮನ ಡಿಗ್ರಿ, ಮಗುವಿನ ‘ಆಸಕ್ತಿಗಳು’ ಎಲ್ಲವೂ ಫಾರಂನಲ್ಲಿ ಬೇಕು. ನಮ್ಮ ಪುಟ್ಟನ ಏಕೈಕ ಆಸಕ್ತಿ ಚಪ್ಪಲಿ ಕಚ್ಚುವುದು. ಅದನ್ನು ‘ಅನುಭವಾತ್ಮಕ ಕಲಿಕೆ’ ಎಂದು ಬರೆಯಿರಿ ಅಂತ ಪಕ್ಕದ ಮನೆಯಾಕೆ ಹೇಳಿಕೊಟ್ಟರು.

ಶಾಲೆ ಒಂಬತ್ತೂವರೆಯಿಂದ ಹನ್ನೆರಡೂವರೆ. ಮೊದಲ ಗಂಟೆ ಅಳು, ಕೊನೆಯ ಗಂಟೆ ಡಬ್ಬಿ ತಿಂದು ಮೂಗು ಒರೆಸಿಕೊಳ್ಳುವುದು. ನಡುವೆ ಉಳಿದದ್ದೇ ವಿದ್ಯಾಭ್ಯಾಸ. ಇಷ್ಟಕ್ಕೆ ಯೂನಿಫಾರಂ, ಬ್ಯಾಗು, ವ್ಯಾನು, ಕೊನೆಗೆ ಕಪ್ಪು ಟೋಪಿಯ ಘಟಿಕೋತ್ಸವ ಬೇರೆ!

ಬೀದಿಗೊಂದು ಮಾಂಟೆಸ್ಸರಿ ಬೋರ್ಡು. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು ಬಡವರ ಕೇರಿಯಲ್ಲಿ. ಇಲ್ಲಿ ಫೀಸು ಕಟ್ಟಿದ ಮೇಲೆ ನಮ್ಮದೇ ಬಡವರ ಕೇರಿ.

“ಅಂಗನವಾಡಿ ಏನು ಪಾಪ ಮಾಡಿದೆಯೋ?” ಅಂತ ನಮ್ಮಮ್ಮ ಕೇಳಿದರು. ಸರಿಯಾದ ಮಾತೇ. 1975ರಿಂದ ದೇಶದಲ್ಲಿ ನಡೆದುಬಂದಿರುವ ವ್ಯವಸ್ಥೆ ಅದು. ಆಟ, ಹಾಡು, ಕಥೆ, ಊಟ ಎಲ್ಲ ಪುಕ್ಕಟೆ. ಪುಕ್ಕಟೆ ಅನ್ನುವುದೊಂದೇ ಅದರ ದೋಷ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹೇಳಿಕೊಳ್ಳಲು ಬರುವುದಿಲ್ಲ.

ಬ್ರೋಷರ್ ಪಕ್ಕಕ್ಕಿಡಿ. ನಡೆದು ಹೋಗುವಷ್ಟು ದೂರ, ಶುಚಿಯಾದ ಟಾಯ್ಲೆಟ್, ಭದ್ರವಾದ ಗೇಟು, ಅಳುವ ಮಗುವನ್ನು ಎತ್ತಿಕೊಳ್ಳುವ ಮಿಸ್ಸು, ಇಷ್ಟಿದ್ದರೆ ಧಾರಾಳವಾಗಿ ಸೇರಿಸಿ. ಎಬಿಸಿಡಿ ಎಲ್ಲಿಗೂ ಓಡಿಹೋಗುವುದಿಲ್ಲ.